ಶೋರೂಮಿನ ಕಾರು, ಮನೆಯ ಓಣಿ

2025ರ ಸೆಪ್ಟೆಂಬರ್ 22ರಂದು ಕಾರುಗಳ ಜಿಎಸ್‌ಟಿ ಇಳಿದ ಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರ ಮನೆಗಳಲ್ಲಿ ಲೆಕ್ಕವೇ ಬದಲಾಯಿತು. ನಾಲ್ಕು ಮೀಟರಿನೊಳಗಿನ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿಯೊಳಗಿನ ಎಂಜಿನ್ ಇರುವ ಕಾರಿಗೆ ಮೊದಲು ಶೇ. 28ರ ಮೇಲೆ ಸೆಸ್ ಸೇರಿ 29 ಅಥವಾ 31 ಆಗುತ್ತಿತ್ತು. ಈಗ ಶೇ. 18. ದೊಡ್ಡ ಕಾರುಗಳಿಗೆ ಸೆಸ್ ಸಹಿತ 45ರಿಂದ 50ರವರೆಗೆ ಇದ್ದದ್ದು 40 ಆಯಿತು. ಚಾಲಿ (ಒಣಗಿಸಿ ಸುಲಿದ) ಅಡಿಕೆಯ ಧಾರಣೆ ಕಿಲೋಗೆ 400 ದಾಟಿರುವ ಕಾಲ ಬೇರೆ. ವ್ಯಾಗನ್‌ಆರ್ ಎಂದುಕೊಂಡಿದ್ದವರು ಪಂಚ್ ನೋಡಿದರು, ಪಂಚ್ ನೋಡಿದವರು ನೆಕ್ಸಾನ್‌ಗೆ ಹೋದರು.

ಇದರಲ್ಲೊಂದು ಸೂಕ್ಷ್ಮವನ್ನು ಅನೇಕರು ಗಮನಿಸುವುದಿಲ್ಲ. ನೆಕ್ಸಾನ್ ಪೆಟ್ರೋಲಿಗೂ ಬ್ರೆಝಾಕ್ಕೂ ನೋಡಲು ಒಂದೇ ಗಾತ್ರ, ಎರಡೂ ನಾಲ್ಕು ಮೀಟರಿನೊಳಗೆ. ಆದರೆ ಬ್ರೆಝಾದ ಎಂಜಿನ್ 1462 ಸಿಸಿ. ಹಾಗಾಗಿ ಅದಕ್ಕೆ ಶೇ. 40, ನೆಕ್ಸಾನ್‌ಗೆ 18. "ಚಿಕ್ಕ ಎಸ್‌ಯುವಿಗೆಲ್ಲ ಕಡಿಮೆ ಆಗಿದೆ" ಎನ್ನುವ ಮಾತು ಅರ್ಧ ಸತ್ಯ.

ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಎತ್ತರದ ಮೈಯವೇ. ಅದಕ್ಕೆ ಪ್ರತಿಷ್ಠೆ, ಜಾಹೀರಾತು, ಸಾಲದ ಸುಲಭ ಎಂದು ಕಾರಣ ಕೊಡುವುದುಂಟು. ಕಾಸರಗೋಡಿನ ಒಳನಾಡಿಗೆ ಬಂದರೆ ಅದಕ್ಕೂ ಮೊದಲಿನ ಕಾರಣವೊಂದಿದೆ: ಡಾಮರು ಮುಗಿದಲ್ಲಿಂದ ಅಂಗಳದವರೆಗಿನ ಇನ್ನೂರು, ಮುನ್ನೂರು ಮೀಟರ್. ಇಲ್ಲಿ ಮನೆ ಇರುವುದು ಬೈಲಿನಲ್ಲಿ, ತೋಟದ ತಲೆಯ ಹತ್ತಿರ. ರಸ್ತೆ ಹೋಗುವುದು ಗುಡ್ಡದ ಮೇಲೆ. ನಡುವೆ ಒಂದು ಚಡವು, ಅಂದರೆ ಕಡಿದಾದ ಏರು, ಒಂದು ಓಣಿ, ಕೆಲವು ಕಡೆ ತೋಡಿನ ಮೇಲೊಂದು ಸಂಕ. ಹೆಣ್ಣು ಕೇಳಲು ಬಂದವರಿಗೆ ಹಿಂದೆಲ್ಲ "ತೋಟ ಎಷ್ಟು" ಎಂಬುದು ಮೊದಲ ಪ್ರಶ್ನೆ. ಈಗ "ಅಂಗಳಕ್ಕೆ ಕಾರು ಬರ್ತದಾ?" ಎಂಬುದು ಅದರ ಮುಂದೆ ಕೂತಿದೆ. ಯಾವ ಕಾರು ಎಂಬುದನ್ನು ಜನ ಆಮೇಲೆ ಕೇಳುತ್ತಾರೆ.

ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಕೊರೆದು ಮಾಡಿದ ಹಳೆಯ ಓಣಿಗಳು ಗಾಡಿ, ಆಮೇಲೆ ಜೀಪು, ಓಮ್ನಿ ಹೋಗುವಷ್ಟಕ್ಕೆ ಅಗಲವಾದವು. ಏಳು ಅಡಿ ಇದ್ದರೆ ಅದೇ ಹೆಚ್ಚು. ಏಳು ಅಡಿ ಎಂದರೆ 2130 ಮಿಲಿಮೀಟರ್. ಈಗ ಕಾರುಗಳ ಮೈ ಅಗಲ ನೋಡಿ: ಓಮ್ನಿ 1410, ಈಕೋ 1475, ಆಲ್ಟೊ ಕೆ10 1490, ವ್ಯಾಗನ್‌ಆರ್ 1620, ಸ್ವಿಫ್ಟ್ 1735, ಬೊಲೆರೊ 1745, ಕ್ರೆಟಾ 1790, ನೆಕ್ಸಾನ್ 1804, ಇನ್ನೋವಾ ಕ್ರಿಸ್ಟಾ 1830. ಕಂಪನಿ ಕೊಡುವ ಈ ಅಳತೆಯಲ್ಲಿ ಕನ್ನಡಿ ಸೇರಿಲ್ಲ. ಎರಡೂ ಬದಿಯ ಕನ್ನಡಿ ಹೊರಗೆ ತೆರೆದಿದ್ದರೆ ಇನ್ನೊಂದು 20ರಿಂದ 25 ಸೆಂಟಿಮೀಟರ್ ಬೇಕು. ಅಂದರೆ ಏಳು ಅಡಿ ಓಣಿಯಲ್ಲಿ ಕ್ರಿಸ್ಟಾಕ್ಕೆ ಬದಿಗೆ ನಾಲ್ಕು ಬೆರಳು ಉಳಿಯುವುದೂ ಕಷ್ಟ. ಮಳೆಗಾಲದಲ್ಲಿ ದರೆಯ ಜರಿಗಿಡ ಬಾಗಿ ಇನ್ನೊಂದು ಗೇಣು ನುಂಗುತ್ತದೆ. ನಡುವೆ ಕೆಟ್ಟು ನಿಂತರೆ ಬಾಗಿಲು ತೆರೆಯಲು ಜಾಗವಿರುವುದಿಲ್ಲ, ಹಿಂದಿನ ಡಿಕ್ಕಿಯಿಂದ ಇಳಿಯಬೇಕು.

ಓಣಿಯನ್ನು ಅಗಲ ಮಾಡಿದರಾಯಿತಲ್ಲ ಎಂದರೆ, ದರೆಯ ಆಚೆಗಿನದ್ದು ಹೆಚ್ಚಾಗಿ ನೆರೆಯವರ ವರ್ಗ ಜಾಗ. ಒಪ್ಪಿಗೆ ಸಿಕ್ಕಿ ಜೆಸಿಬಿ ಹಾಕಿದರೂ ನೆಟ್ಟಗೆ ಕಡಿದ ದರೆ ಮೊದಲ ಮಳೆಗಾಲಕ್ಕೆ ಜರಿಯುತ್ತದೆ. ಮೇಲ್ಭಾಗವನ್ನು ಹೊರಗೆ ಓರೆಯಾಗಿ ಕಡಿದು, ಗುಡ್ಡದ ನೀರನ್ನು ಬೇರೆ ಕಣಿಗೆ ತಿರುಗಿಸಿದರೆ ಮಾತ್ರ ನಿಲ್ಲುತ್ತದೆ. ಕಾರಿನ ಬಜೆಟಿನಲ್ಲಿ ಈ ಖರ್ಚನ್ನು ಯಾರೂ ಬರೆಯುವುದಿಲ್ಲ.

ಅಗಲದ ಜತೆಗೇ ನೋಡಬೇಕಾದದ್ದು ತಿರುವು. ಓಣಿ ಮುಗಿದು ಅಂಗಳಕ್ಕೆ ಹೊರಳುವಲ್ಲಿ ತೊಂಬತ್ತು ಡಿಗ್ರಿ ಇರುವ ಮನೆಗಳೇ ಹೆಚ್ಚು. ವ್ಯಾಗನ್‌ಆರ್‌ನ ತಿರುಗುವ ತ್ರಿಜ್ಯ 4.7 ಮೀಟರ್, ಸ್ವಿಫ್ಟ್‌ನದು 4.8, ಕ್ರಿಸ್ಟಾದ್ದು 5.4. ಜಿಮ್ನಿಯ ಅಗಲ 1645 ಮಿ.ಮೀ. ಮಾತ್ರ, ಓಣಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದರ ತ್ರಿಜ್ಯ 5.7 ಮೀಟರ್. ಮುಂದಿನ ಗಟ್ಟಿ ಆಕ್ಸಲ್‌ನಿಂದಾಗಿ ಚಕ್ರ ಹೆಚ್ಚು ಹೊರಳುವುದಿಲ್ಲ. ಓಣಿಯಲ್ಲಿ ಸಲೀಸಾಗಿ ಇಳಿದು ಅಂಗಳದ ಮೂಲೆಯಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ.

ಇನ್ನು ಎಲ್ಲರ ಬಾಯಲ್ಲಿರುವ ಗ್ರೌಂಡ್ ಕ್ಲಿಯರೆನ್ಸ್. ಸ್ವಿಫ್ಟ್‌ಗೆ 163, ಪಂಚ್‌ಗೆ 187, ಕ್ರೆಟಾಕ್ಕೆ 190, ಬ್ರೆಝಾಕ್ಕೆ 198, ನೆಕ್ಸಾನ್‌ಗೆ 208 ಎಂದು ಪಟ್ಟಿ ಹೇಳುತ್ತದೆ. ಇವೆಲ್ಲ ಖಾಲಿ ಕಾರಿನ ಅಳತೆ. ಐದು ಜನ ಕೂತು ಹಿಂದೆ ಒಂದು ಗೋಣಿ ಅಡಿಕೆ ಇಟ್ಟರೆ ಮೂರರಿಂದ ನಾಲ್ಕು ಸೆಂಟಿಮೀಟರ್ ಕುಸಿಯುತ್ತದೆ. ಆಗ ಸ್ವಿಫ್ಟ್‌ನ ಹೊಟ್ಟೆಯಡಿ ಉಳಿಯುವುದು ಹನ್ನೆರಡು, ಹದಿಮೂರು ಸೆಂಟಿಮೀಟರ್. ಪಂಚಾಯತ್ ಕಾಂಕ್ರೀಟು ಮುಗಿದು ಮಣ್ಣಿನ ಚಡವು ಶುರುವಾಗುವ ಅಂಚಿನಲ್ಲಿ ಕಾರು ಹೊಟ್ಟೆ ಉಜ್ಜುವುದು ಈ ಲೆಕ್ಕದಲ್ಲಿ. ಅಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರವೂ (ವೀಲ್‌ಬೇಸ್) ಅಷ್ಟೇ ಮುಖ್ಯ. ಕ್ರಿಸ್ಟಾದ 2750 ಮಿ.ಮೀ. ವೀಲ್‌ಬೇಸ್ ಉಬ್ಬಿನ ಮೇಲೆ ಜೋಕಾಲಿಯಾಗುತ್ತದೆ. 2380ರ ಆಲ್ಟೊ ಅದೇ ಉಬ್ಬನ್ನು ದಾಟುತ್ತದೆ.

ಅಳೆಯುವುದು ಸುಲಭ. ಅಡಿಕೆ ಮರದ ನೇರವಾದ ಸಲಾಕೆಯೊಂದನ್ನು ನೋಡುತ್ತಿರುವ ಕಾರಿನ ವೀಲ್‌ಬೇಸಿನಷ್ಟೇ ಉದ್ದಕ್ಕೆ ಕಡಿಯಿರಿ. ಅದರ ನಡುಭಾಗ ಉಬ್ಬಿನ ನೆತ್ತಿಯ ಮೇಲೆ ಬರುವಂತೆ ಇಟ್ಟು, ಎರಡೂ ತುದಿ ನೆಲದಿಂದ ಸಮ ಎತ್ತರದಲ್ಲಿರುವಂತೆ ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಟೇಪು ಇಡಬೇಕು. ಆ ಎತ್ತರ ಹನ್ನೆರಡು ಸೆಂಟಿಮೀಟರ್ ಬಂದರೆ ತುಂಬಿದ ಸ್ವಿಫ್ಟ್ ಉಜ್ಜಿತೆಂದೇ ಲೆಕ್ಕ. ನೆಕ್ಸಾನ್‌ಗೆ ಸುಮಾರು ಐದು ಸೆಂಟಿಮೀಟರ್ ಬಾಕಿ. ಹದಿನೈದು ದಾಟಿದರೆ ಕಾರು ಬದಲಿಸುವುದಕ್ಕಿಂತ ಎರಡು ಟಿಪ್ಪರ್ ಮಣ್ಣು ಹಾಕಿ ಉಬ್ಬನ್ನು ಇಳಿಜಾರು ಮಾಡುವುದೇ ಅಗ್ಗ.

ಎತ್ತರವಿದ್ದ ಮಾತ್ರಕ್ಕೆ ಕಾರು ಚಡವು ಹತ್ತುವುದಿಲ್ಲ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಪಂಚ್, ನೆಕ್ಸಾನ್, ಬ್ರೆಝಾ, ಕ್ರೆಟಾ ಎಲ್ಲವೂ ಮುಂದಿನ ಚಕ್ರ ಎಳೆಯುವ ಕಾರುಗಳು. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ಎಳೆಯಬೇಕಾದ ಚಕ್ರ ಹಗುರವಾಗುತ್ತದೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಅರುವತ್ತು ಕಿಲೋದ ಗೋಣಿ ಇಟ್ಟರೆ ಇನ್ನೂ ಹಗುರ. ಆಟಿಯ ಮಳೆಯಲ್ಲಿ ಪಾಚಿ ಕಟ್ಟಿದ ಕಾಂಕ್ರೀಟಿನ ಮೇಲೆ, ಜಾರುವ ಕೆಂಪು ಮಣ್ಣಿನ ಮೇಲೆ ಚಕ್ರ ಒಂದೇ ಕಡೆ ತಿರುಗಿ ಗುಂಡಿ ತೋಡುತ್ತದೆ. ಹಳೆಯ ಜೀಪು, ಬೊಲೆರೊಗಳನ್ನು ಹಿಂದಿನ ಚಕ್ರ ನೂಕುತ್ತದೆ. ಹೇರು ಇದ್ದಷ್ಟೂ ಹಿಡಿತ. ಹಾಗೆಂದು ಖಾಲಿ ಓಮ್ನಿಯೂ ಖಾಲಿ ಇನ್ನೋವಾವೂ ಮಳೆಗೆ ಜಾರದೆ ಇರುವುದಿಲ್ಲ.

ಮುಂದಿನ ಚಕ್ರದ ಕಾರು ಹತ್ತದಿದ್ದಾಗ ಹಳಬರು ಮಾಡುವ ಉಪಾಯವೊಂದುಂಟು: ರಿವರ್ಸ್ ಗೇರಿನಲ್ಲಿ ಹತ್ತಿಸುವುದು. ಆಗ ಎಂಜಿನ್ ಇಳಿಜಾರಿನ ಕಡೆಗೆ ಬಂದು ಭಾರವೆಲ್ಲ ಎಳೆಯುವ ಚಕ್ರದ ಮೇಲೆ ಕೂರುತ್ತದೆ. ನೋಡಲು ತಮಾಷೆ, ಕೆಲಸ ಮಾಡುವುದು ನಿಜ. ಅದಕ್ಕೂ ಮೊದಲು ಹಿಂದಿನ ಸೀಟಿನವರನ್ನು ಇಳಿಸಿ, ಗೋಣಿಯನ್ನು ಮುಂದಿನ ಸೀಟಿಗೆ ತಂದು ನೋಡಬೇಕು. ಟಯರಿನ ಹಲ್ಲಿಗೆ ಕಾನೂನು ಹೇಳುವ ಕನಿಷ್ಠ ಆಳ 1.6 ಮಿ.ಮೀ. ಹೆದ್ದಾರಿಗೆ ಅದು ಸಾಕಾಗಬಹುದು. ಈ ಚಡವುಗಳಿಗೆ 3 ಮಿ.ಮೀ.ಗೆ ಬಂದಾಗಲೇ, ಅದೂ ಮೇ ತಿಂಗಳೊಳಗೆ, ಬದಲಾಯಿಸುವುದು ಲೇಸು.

ಕ್ಲಚ್ಚಿಲ್ಲದ ಕಾರಿಗೆ ಈಗ ಬೇಡಿಕೆ ಹೆಚ್ಚು. ಗಂಡಸರು ದುಬೈ, ಕತಾರಿನಲ್ಲಿರುವ ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಕಾರು ಓಡಿಸುವುದು ಹೆಂಗಸರು. ಒಳನಾಡಿನಲ್ಲಿ ಎಪ್ಪತ್ತು ದಾಟಿದ ಯಜಮಾನರು. ಅಗ್ಗದ ಕಾರುಗಳಲ್ಲಿ ಸಿಗುವುದು ಎಎಂಟಿ. ಅದು ಒಳಗಿನಿಂದ ಮಾಮೂಲಿ ಗೇರುಬಾಕ್ಸೇ, ಕ್ಲಚ್ಚನ್ನು ಯಂತ್ರ ಒತ್ತುತ್ತದೆ ಅಷ್ಟೆ. ಚಡವಿನ ನಡುವೆ ಅದು ತಾನಾಗಿ ಎರಡನೇ ಗೇರಿಗೆ ಹಾರಿ ಓಟ ಕಳೆದುಕೊಂಡು ನಿಲ್ಲುತ್ತದೆ, ಹಿಂದಕ್ಕೂ ಜಾರುತ್ತದೆ. ಬುಡದಲ್ಲೇ ಮ್ಯಾನುವಲ್ ಮೋಡಿಗೆ ಹಾಕಿ ಒಂದನೇ ಗೇರಿನಲ್ಲಿ ಕಟ್ಟಿ ಹತ್ತಿಸಬೇಕು. ಏರಿನಲ್ಲಿ ಬ್ರೇಕ್ ಬಿಟ್ಟ ಕೂಡಲೇ ಹಿಂದಕ್ಕೆ ಜಾರದಂತೆ ಕಾರನ್ನು ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲದ ಎಎಂಟಿಯನ್ನು ಇಂಥ ಮನೆಗೆ ತರುವುದು ಸರಿಯಲ್ಲ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಂಜಿನ್ನಿನ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ದುಬಾರಿ, ಮೈಲೇಜೂ ಸ್ವಲ್ಪ ಕಡಿಮೆ. ಆದರೆ ಏರಿನಲ್ಲಿ ನಿಂತು ಹೊರಡುವುದಕ್ಕೆ ಅದನ್ನು ಮೀರಿಸುವುದು ಬೇರೆ ಇಲ್ಲ.

"ಎಷ್ಟು ಕೊಡ್ತದೆ ಭಾವಾ?" ಎಂಬ ಪ್ರಶ್ನೆ ಮದುವೆಯ ಚಪ್ಪರದಲ್ಲಿ ಎಂದಿಗೂ ತಪ್ಪುವುದಿಲ್ಲ. ಆ ಪ್ರಶ್ನೆಯ ಹಿಂದಿರುವುದು ಡೀಸೆಲ್ ಮೋಹ. ತಿಂಗಳಿಗೆ 800 ಕಿಲೋಮೀಟರ್ ಓಡುವ ಮನೆ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಲೀಟರಿಗೆ 106 ರೂಪಾಯಿ, ಹದಿನೈದು ಕಿಲೋಮೀಟರ್. ಡೀಸೆಲ್ 95, ಹತ್ತೊಂಬತ್ತು ಕಿಲೋಮೀಟರ್. ತಿಂಗಳ ಉಳಿತಾಯ ಸುಮಾರು 1650 ರೂಪಾಯಿ, ವರ್ಷಕ್ಕೆ 20 ಸಾವಿರದ ಹತ್ತಿರ. ಡೀಸೆಲ್ ಮಾಡೆಲಿಗೆ ಸವಾಲಕ್ಷ ಹೆಚ್ಚು ಕೊಟ್ಟರೆ ಅದು ಹಿಂದೆ ಬರಲು ಆರು ವರ್ಷ ದಾಟಬೇಕು.

ಹಣಕ್ಕಿಂತ ದೊಡ್ಡ ತೊಂದರೆ ಸೈಲೆನ್ಸರಿನ ದಾರಿಯಲ್ಲಿದೆ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಡೀಸೆಲ್ ಕಾರಿಗೆ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಇದೆ. ಹಿಡಿದ ಮಸಿಯನ್ನು ಸುಮಾರು 600 ಡಿಗ್ರಿ ಶಾಖದಲ್ಲಿ ಅದು ಸುಡಬೇಕು. ಅಷ್ಟು ಬಿಸಿಯಾಗಲು ಅರುವತ್ತರ ವೇಗದಲ್ಲಿ ಹದಿನೈದು, ಇಪ್ಪತ್ತು ನಿಮಿಷ ಎಡೆಬಿಡದೆ ಓಡಬೇಕು. ಬೆಳಿಗ್ಗೆ ಡೈರಿಗೆ ಎರಡು ಕಿಲೋಮೀಟರ್, ಮಧ್ಯಾಹ್ನ ಶಾಲೆಗೆ ಮೂರು, ಸಂಜೆ ಪೇಟೆಗೆ ನಾಲ್ಕು ಎಂದು ಓಡುವ ಕಾರಿಗೆ ಆ ಭಾಗ್ಯವಿಲ್ಲ. ಸುಡಲು ಶುರುಮಾಡಿದ ಹೊತ್ತಿಗೆ ಮನೆ ಬರುತ್ತದೆ, ಕೀ ತಿರುಗುತ್ತದೆ. ಹೀಗೆ ನಾಲ್ಕಾರು ಸಲ ಆದರೆ ಸುಡಲೆಂದು ಹೆಚ್ಚಿಗೆ ಬಿಟ್ಟ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದು ಕಂಡರೆ ಕಾರಣ ಇದೇ. ತಲಪಾಡಿಯಿಂದ ಚೆರ್ಕಳ ಸಮೀಪದ ಚೆಂಗಳದವರೆಗಿನ ಆರು ಪಥದ 39 ಕಿಲೋಮೀಟರ್ ಈ ವಿಷಯದಲ್ಲಿ ಮಾಡಿದ ಉಪಕಾರ ದೊಡ್ಡದು: ವಾರಕ್ಕೊಮ್ಮೆ ಅದರ ಮೇಲೆ ಮಂಗಳೂರಿಗೆ ಹೋಗಿ ಬರುವ ಡೀಸೆಲ್ ಕಾರುಗಳಿಗೆ ಡಿಪಿಎಫ್ ದೀಪ ಉರಿಯುವುದು ಅಪರೂಪ. ಹೋಗುವ ಅಭ್ಯಾಸವಿಲ್ಲದವರಿಗೆ ಪೆಟ್ರೋಲೇ ಸರಿ.

ಮಂಗಳೂರು ಎಂದರೆ ಆಸ್ಪತ್ರೆ. ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಇಷ್ಟು ವರ್ಷವೂ ಜನ ಹೃದಯಕ್ಕೆ, ಮೂತ್ರಪಿಂಡಕ್ಕೆ ದೇರಳಕಟ್ಟೆಗೋ ಮಂಗಳೂರಿಗೋ ಓಡಿದ್ದಾರೆ. 2020ರಲ್ಲಿ ಕೊರೊನಾ ಹೊತ್ತಿಗೆ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಈ ಅವಲಂಬನೆ ಎಷ್ಟೆಂಬುದು ಇಡೀ ದೇಶಕ್ಕೆ ಗೊತ್ತಾಯಿತು. ಮನೆಯಲ್ಲಿ ಮೊಣಕಾಲು ನೋವಿನ ಹಿರಿಯರಿದ್ದರೆ ಕಾರಿನ ಆಯ್ಕೆಯಲ್ಲಿ ಅವರ ಮತ ನಿರ್ಣಾಯಕ. ಸೀಟು ತಗ್ಗಾದರೆ ಬಾವಿಗಿಳಿದಂತೆ, ಥಾರ್‌ನಂತೆ ಎತ್ತರವಾದರೆ ಏಣಿ ಹತ್ತಿದಂತೆ. ನಿಂತಲ್ಲಿಂದ ಹಿಂದಕ್ಕೆ ಕೂತರೆ ಪೃಷ್ಠ ನೇರವಾಗಿ ಸೀಟಿಗೆ ಸಿಗಬೇಕು, ಕಾಲು ಎತ್ತಿ ದಾಟಿಸಬೇಕಾದ ಹೊಸ್ತಿಲು ತಗ್ಗಾಗಿರಬೇಕು, ಬಾಗಿಲು ಪೂರ್ತಿ ತೆರೆಯಬೇಕು. ವ್ಯಾಗನ್‌ಆರ್ ಇಷ್ಟು ವರ್ಷ ಈ ನಾಡಿನಲ್ಲಿ ಬಾಳಿದ್ದು ಅಂದಕ್ಕಲ್ಲ, ಈ ಮೂರಕ್ಕೆ. ಅಜ್ಜಿಯನ್ನೇ ಶೋರೂಮಿಗೆ ಕರೆದೊಯ್ದು ಎರಡು ಸಲ ಹತ್ತಿಸಿ ಇಳಿಸಿ ನೋಡುವವರು ಜಾಣರು.

ಗಡಿಯಲ್ಲಿರುವವರ ಲೆಕ್ಕದಲ್ಲಿ ಎರಡು ರಾಜ್ಯಗಳೂ ಇವೆ. ಕೇರಳದಲ್ಲಿ 2023ರಿಂದ ಲೀಟರಿಗೆ ಎರಡು ರೂಪಾಯಿ ಸಾಮಾಜಿಕ ಭದ್ರತೆಯ ಸೆಸ್ ಬೇರೆ ಇರುವುದರಿಂದ ಟ್ಯಾಂಕು ತುಂಬುವುದು ಕರ್ನಾಟಕದ ಪಂಪಿನಲ್ಲಿ. ಸರ್ವೀಸಿಗೂ ಮಂಗಳೂರು, ಪುತ್ತೂರು, ಸುಳ್ಯ. ಅಲ್ಲಾದರೆ ಮೆಕ್ಯಾನಿಕ್‌ಗೆ ಕನ್ನಡದಲ್ಲೋ ತುಳುವಿನಲ್ಲೋ "ಎಡಗಡೆ ಚಕ್ರದಲ್ಲಿ ಕಟಕಟ ಅಂತದೆ" ಎಂದು ಹೇಳಬಹುದು. ಹೊಸ ಕಾರನ್ನು ಮಂಗಳೂರಿನಲ್ಲಿ ಕೊಂಡರೂ ತಾತ್ಕಾಲಿಕ ನೋಂದಣಿಯಲ್ಲಿ ತಂದು ಕೆಎಲ್-14 ಮಾಡಿಸಬಹುದು, ತೊಡಕಿಲ್ಲ.

ತೊಡಕು ಹಳೆಯ ಕಾರಿನಲ್ಲಿ. ಕೆಎ-19, ಕೆಎ-21 ಬೋರ್ಡಿನ ಸೆಕೆಂಡ್ ಹ್ಯಾಂಡ್ ಕಾರು ಇಲ್ಲಿನದಕ್ಕಿಂತ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಮುಂದಿನ ದಾರಿ ನೋಡಿರುವುದಿಲ್ಲ. ಸಾಲವಿದ್ದರೆ ಬ್ಯಾಂಕಿನ ಪತ್ರದ ಜತೆ ಫಾರ್ಮ್ 35. ಬಾಕಿ ದಂಡಗಳೆಲ್ಲ ಕಟ್ಟಿದ ಮೇಲೆ ಕರ್ನಾಟಕದ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ. ಮಾಲಿಕತ್ವಕ್ಕೆ 29 ಮತ್ತು 30, ಹೊಸ ನಂಬರಿಗೆ 27. ಕೇರಳದಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಮತ್ತೆ ಕಟ್ಟಬೇಕು, ಕಾರನ್ನು ತೋರಿಸಬೇಕು, ನಂಬರ್ ಪ್ಲೇಟ್ ಹೊಸತಾಗಬೇಕು. ಕರ್ನಾಟಕಕ್ಕೆ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಪಾಲು ಕೇಳಿದರೆ ಹಿಂದೆ ಬರುತ್ತದೆ, ಆದರೆ ಅದು ಹೋಗುವುದು ಮೊದಲಿನ ಮಾಲಿಕರ ಹೆಸರಿಗೆ. ಕ್ರಯದ ಮಾತಿನ ಹೊತ್ತಿಗೇ ಇದನ್ನು ಬರೆಸಿಕೊಳ್ಳದಿದ್ದರೆ ಆಮೇಲೆ ಮುಖ ಕೆಡುತ್ತದೆ. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು.

ಮೋಟಾರು ವಾಹನ ಕಾಯಿದೆಯ 47ನೇ ಸೆಕ್ಷನ್ ಪ್ರಕಾರ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟ ವಾಹನಕ್ಕೆ ಅಲ್ಲಿನ ನಂಬರು ಬೇಕು. ಗಡಿಯಾಚೆ ಕರ್ನಾಟಕದ ಅಡ್ಯನಡ್ಕದ ಮಾವನ ವಿಳಾಸ ಕೊಟ್ಟು ಪೆರ್ಲದಲ್ಲಿ ಐದು ವರ್ಷ ಓಡಿಸುವವರುಂಟು. ಯಾವುದೂ ಆಗದಿರುವವರೆಗೆ ಸರಿ. ಅಪಘಾತವಾಗಿ ವಿಮೆ ಕಂಪನಿಯವರು ವಿಳಾಸ ಕೇಳಿದ ದಿನ ಆ ಉಳಿತಾಯದ ಬೆಲೆ ಗೊತ್ತಾಗುತ್ತದೆ.

ಓಡಿಸುವ ಕಾರಿನ ಕಥೆ ಇಷ್ಟಾದರೆ, ಆಸೆಯ ಕಾರು ಬೇರೆಯೇ. ಅದು ವರ್ಷದ ನಾಲ್ಕು ದಿನದ ಲೆಕ್ಕ: ಮಗನನ್ನು ಬಜ್ಪೆ ವಿಮಾನ ನಿಲ್ದಾಣದಿಂದ ಕರೆತರುವ ದಿನ, ಮದುವೆ, ತರವಾಡಿನ ಕೋಲ, ದೂರದ ನೆಂಟರು ಬರುವ ದಿನ. ಏಳು ಜನ, ಆರು ಪೆಟ್ಟಿಗೆ. ಆ ನಾಲ್ಕು ದಿನಕ್ಕೆ ಡೀಸೆಲ್ ಇನ್ನೋವಾವೇ ಬೇಕು ಎನಿಸುತ್ತದೆ. ಬಾಕಿ 361 ದಿನ ಅದು ಶೆಡ್ಡಿನಲ್ಲಿ. ಗಲ್ಫಿನವರ ಅಂಗಳದಲ್ಲಿ ಹನ್ನೊಂದು ತಿಂಗಳು ಕವರು ಹೊದ್ದು ನಿಂತ ಕಾರುಗಳಿಗೆ ಬ್ಯಾಟರಿ ಸಾಯುತ್ತದೆ, ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಮಳೆಗಾಲದ ತೇವಕ್ಕೆ ಎಥೆನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ. ಟ್ಯಾಂಕು ತುಂಬಿಸಿ ಇಡುವುದು, ಬ್ಯಾಟರಿಯ ನೆಗೆಟಿವ್ ಬಿಚ್ಚುವುದು, ಹದಿನೈದು ದಿನಕ್ಕೊಮ್ಮೆ ಯಾರಾದರೂ ಹತ್ತು ಕಿಲೋಮೀಟರ್ ಓಡಿಸುವುದು, ಇಷ್ಟಾದರೂ ಬೇಕು.

ಹುಡುಗರ ಆಸೆ ಥಾರ್. ಅದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಸರ್ವೀಸ್ ಜೀಪಿನ ಹಿಂದೆ ನೇತಾಡಿ ಶಾಲೆಗೆ ಹೋದವರ ಮಕ್ಕಳು ಇವರು. ನಾಲ್ಕೂ ಚಕ್ರ ಎಳೆಯುವ ಥಾರ್ ಯಾವ ಚಡವನ್ನೂ ಬಿಡುವುದಿಲ್ಲ. ಆದರೆ ಮೂರು ಬಾಗಿಲಿನದ್ದರಲ್ಲಿ ಅಜ್ಜಿಯನ್ನು ಹಿಂದಕ್ಕೆ ಹತ್ತಿಸಲಾಗದು. 2024ರಲ್ಲಿ ಬಂದ ಐದು ಬಾಗಿಲಿನ ರಾಕ್ಸ್ 1870 ಮಿ.ಮೀ. ಅಗಲ. ಮತ್ತೆ ಓಣಿಗೇ ಬಂತು ಮಾತು.

ಎಲೆಕ್ಟ್ರಿಕ್ ಕಾರು ಈ ನಾಡಿಗೆ ಜನ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್, ಹೋಗಿ ಬಂದರೂ ಚಾರ್ಜು ಉಳಿಯುತ್ತದೆ. ಟಿಯಾಗೊದ 24 ಯೂನಿಟಿನ ಬ್ಯಾಟರಿ 15 ಆಂಪಿಯರ್ ಪ್ಲಗ್ಗಿನಲ್ಲಿ ಒಂದು ರಾತ್ರಿಗೆ ತುಂಬುತ್ತದೆ. ತೊಂದರೆ ಬರುವುದು ಅರ್ತಿಂಗಿನಲ್ಲಿ. ಮುರಕಲ್ಲಿನ ನೆಲ ಫೆಬ್ರವರಿ ದಾಟಿದರೆ ಒಣಗಿ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಚಾರ್ಜರ್ ಕೆಂಪು ದೀಪ ಉರಿಸಿ ಕೂರುತ್ತದೆ. ಜನ ಕಾರನ್ನು ಬೈಯುತ್ತಾರೆ. ಅರ್ತಿಂಗನ್ನು ತೋಟದ ಕಡೆಯ ತೇವದ ನೆಲಕ್ಕೆ ಒಯ್ದು, ವೈರಿಂಗಿಗೆ ಸಿಡಿಲು ತಡೆಯುವ ಸಾಧನ ಹಾಕಿಸಿದರೆ ತುಲಾ ತಿಂಗಳ (ಅಕ್ಟೋಬರ್, ನವೆಂಬರ್) ಗುಡುಗಿಗೂ ನಿಶ್ಚಿಂತೆ. ಪಂಪಿನ ಕೃಷಿ ಕನೆಕ್ಷನ್‌ನಿಂದ ಚಾರ್ಜ್ ಮಾಡಬಾರದು, ಸಿಕ್ಕಿಬಿದ್ದರೆ ದಂಡ. ಇಲಿಗಳಿಗೆ ಪೆಟ್ರೋಲು, ಕರೆಂಟು ಎಂಬ ಭೇದವಿಲ್ಲ. ಅಡಿಕೆ ಮನೆಯ ಪಕ್ಕ ನಿಲ್ಲುವ ಕಾರಿನ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು ನೇತುಹಾಕುವ ರೂಢಿ ಇದೆ. ವಾಸನೆ ಹೋದಂತೆ ಬದಲಿಸಬೇಕು. ಬಿಸಿ ಭಾಗಕ್ಕೂ ಬೆಲ್ಟಿಗೂ ತಾಗದಂತೆ ಕಟ್ಟಬೇಕು.

ಮೈಲುತುತ್ತಿನ (ತಾಮ್ರದ ಸಲ್ಫೇಟ್) ಚೀಲವನ್ನು ಡಿಕ್ಕಿಯಲ್ಲಿ ತರುವವರಿಗೆ ಇನ್ನೊಂದು ಮಾತು. ಒದ್ದೆಯಾಗಿ ಸೋರಿದ ತುತ್ತು ಕಬ್ಬಿಣವನ್ನು ತಿಂದು ಅಲ್ಲಿ ತಾಮ್ರದ ಪೊರೆ ಬಿಡುತ್ತದೆ. ಎಷ್ಟೋ ಓಮ್ನಿಗಳ ನೆಲ ತೂತಾದದ್ದು ಸಮುದ್ರದ ಉಪ್ಪಿಗಲ್ಲ, ಇದಕ್ಕೆ. ದಪ್ಪ ಪ್ಲಾಸ್ಟಿಕ್ ಬಾಲ್ದಿಯಲ್ಲಿಟ್ಟು ತಂದರೆ ಸಾಕು.

ಬುಕಿಂಗ್ ಹಣ ಕಟ್ಟುವ ಮೊದಲು ಟೆಸ್ಟ್ ಡ್ರೈವ್ ಕಾರನ್ನು ಮನೆಗೇ ತರಲು ಹೇಳಬೇಕು, ಕೇಳಿದರೆ ತರುತ್ತಾರೆ. ಬೇಸಿಗೆಯಲ್ಲಿ ಬೇಡ, ಜುಲೈಯಲ್ಲಿ, ಎರಡು ದಿನ ಬಿಡದೆ ಮಳೆ ಹೊಯ್ದ ಮರುದಿನ. ಮನೆಯ ನಾಲ್ವರು ಕೂರಬೇಕು, ಹಿಂದೆ ಒಂದು ಗೋಣಿ ಇರಬೇಕು, ಚಡವಿನ ನಡುವೆ ಬೇಕೆಂದೇ ನಿಲ್ಲಿಸಿ ಮತ್ತೆ ಹೊರಡಬೇಕು. ಸೇಲ್ಸ್‌ನ ಹುಡುಗ ಮೇಲೆ ಡಾಮರಿನಲ್ಲೇ ಕಾರು ನಿಲ್ಲಿಸಿ, ಕೊಡೆ ಹಿಡಿದು ಓಣಿಯಲ್ಲಿ ನಡೆದು ಬಂದು ಬ್ರೋಷರ್ ಬಿಚ್ಚಿದರೆ, ಅವನಿಗೊಂದು ಚಹಾ ಕೊಟ್ಟು ಬೇರೆ ಕಾರು ನೋಡಬಹುದು.